ಇನ್ನೂ ಫಲಿಸದ ಭವಿಷ್ಯ

ಅಲ್ಫರೆಟಾದ ಆಫೀಸಿಗೆ ನಾನೂ ನನ್ನ ಸಹೋದ್ಯೋಗಿ ಕೈಲ್ ಕೂಡ ಒಂದೇ ಕಾರಲ್ಲಿ ಹೋಗ್ತಿದ್ದ ಕಾಲ. ಕೈಲ್ ಮಾರ್ಮನ್ ಅನ್ನೋ ಅಮೆರಿಕದ ಕ್ರೈಸ್ತ ಪಂಥದವನು. ಕಾಫಿ ಮುಟ್ಟಲ್ಲ, ಯಾರ ಮೇಲೂ ದನಿ ಏರಿಸಲ್ಲ. ಒಂದು ರಾತ್ರಿ ನಾನು ಅವರ ಮತದ ಶುರುವಿನ ಇತಿಹಾಸವನ್ನ ಟೀಕಿಸುವ ವಿಡಿಯೊ ನೋಡಿದ್ದೆ. ವಾದ ಮಾಡದೆ ಇರೋಕಾಗ್ತಿರಲಿಲ್ಲ.

ಮರುದಿನ ಬೆಳಗ್ಗೆ 400 ನಂಬರಿನ ಹೈವೇಲಿ ಟ್ರಾಫಿಕ್ ನಿಂತಿದ್ದೇ ತಡ, ಕೇಳಿಬಿಟ್ಟೆ. "ತಮ್ಮ ತಲೆಮಾರಲ್ಲೇ ಮಿಸೌರಿ ರಾಜ್ಯದಲ್ಲಿ ದೇವಾಲಯ ಏಳುತ್ತೆ ಅಂತ ನಿಮ್ಮ ಮೊದಲ ಪ್ರವಾದಿ ಹೇಳಿದ್ರಂತೆ. ಇವತ್ತಿಗೂ ಎದ್ದಿಲ್ವಲ್ಲ?"

"ಹೌದು, ಎದ್ದಿಲ್ಲ," ಅಂದ ಕೈಲ್. "ಕಟ್ಟೋಕೆ ಹೊರಟವರನ್ನ ಅಲ್ಲಿನ ಜನ ಊರಿಂದಲೇ ಓಡಿಸಿದ್ರು. ಆಮೇಲೆ ದೇವರೇ ಆ ಕೆಲಸದಿಂದ ಅವರನ್ನ ಬಿಡುಗಡೆ ಮಾಡಿದ ಅಂತ ನಾವು ನಂಬ್ತೀವಿ."

"ಆಗದೇ ಇದ್ದಮೇಲೆ ಕಾರಣ ಹುಡುಕೋದು ಸುಲಭ ಬಿಡು," ಅಂದೆ. ಗೆದ್ದೆ ಅಂತ ಒಳಗೊಳಗೇ ಖುಷಿ.

ಅವನು ಸ್ಟೀರಿಂಗ್ ಮೇಲಿದ್ದ ನನ್ನ ಕೈ ನೋಡಿ, ಮಣಿಕಟ್ಟಿನ ಕೆಂಪು ದಾರ ಏನು ಅಂತ ಕೇಳಿದ.

"ಶಾಂತಿ ಪೂಜೆ ಮಾಡಿಸಿದಾಗ ಕಟ್ಟಿದ್ದು. ಹೋದ ಯುಗಾದಿಯೊಳಗೆ ಗ್ರೀನ್ ಕಾರ್ಡ್ ಬರುತ್ತೆ ಅಂತ ನಮ್ಮ ಮೈಸೂರಿನ ಜೋಯಿಸರು ಹೇಳಿದ್ರು."

"ಬಂತಾ?"

"ಇಲ್ಲ. ಅವರು ಹೇಳಿದ್ದೇನೋ ಸರಿಯಾಗೇ ಇತ್ತು. ಮಧ್ಯೆ ರಾಹು ಅಡ್ಡ ಬಂದ, ಅದಕ್ಕೇ..."

ನನ್ನ ಮಾತು ನನಗೇ ಕೇಳಿಸಿತು.

ಕೈಲ್ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಈಗ ಯಾವಾಗ ಬರುತ್ತೆ ಅಂತಾರೆ?" ಅಂತ ನಿಜವಾದ ಕಾಳಜಿಯಿಂದ ಕೇಳಿದ.

ಮುಂದಿನ ಯುಗಾದಿ ಅನ್ನೋಕೆ ಬಾಯಿ ಬರಲಿಲ್ಲ. ಟ್ರಾಫಿಕ್ಕನ್ನ ಬೈದೆ.