ಇಳಿತದ ಬಂಡೆಗಳ ಕಾವಲು: ಹೇಮಲತಾ ಮಯೇಕರಬಾಯಿ

ಇಳಿತದ ಹೊತ್ತಿಗೆ ಬಂಡೆಗಳ ನಡುವೆ ತಂಗುವ ನೀರಿನಲ್ಲಿ ಯಾವ ಏಡಿ, ಯಾವ ಕಡಲಹೂವು, ಯಾವ ನಕ್ಷತ್ರಮೀನು ಇರುತ್ತದೆ ಎಂದು ಬಲ್ಲವರು ನಮ್ಮ ದಂಡೆಯಲ್ಲಿ ಹಲವರಿದ್ದಾರೆ. ಅವರ ಲೇಖನಗಳು ಈ ಅಭಿನಂದನ ಸಂಪುಟದಲ್ಲಿಯೇ ಇವೆ. ಅವರಲ್ಲಿ ಹೆಚ್ಚಿನವರು ಶ್ರೀಮತಿ ಹೇಮಲತಾ ಮಯೇಕರಬಾಯಿಯವರ ಹಿಂದೆ ನಡೆದು ಮೊದಲ ಬಾರಿ ಆ ಬಂಡೆಗಳಿಗೆ ಇಳಿದವರು. ಆ ವಿದ್ಯೆಯ ಮಾತನ್ನು ಅವರೇ ಬರೆಯಲಿ. ನಾನು ಏಳನೆಯ ತರಗತಿ ಓದಿದವಳು, ಕಾಲ್ವ ಒಡೆದು ಬದುಕುವವಳು. ಬಂಡೆಗೆ ಕಚ್ಚಿಕೊಂಡ ಆ ಚಿಪ್ಪನ್ನು ಒಡೆದು, ಒಳಗಿನ ಮಾಂಸ ಕೆತ್ತಿ ಮಾರುವುದು ನಮ್ಮ ಖಡಪೇವಾಡಿಯ ಹೆಂಗಸರ ಕಸುಬು. ಬಂಡೆಗೆ ಹೋದವರನ್ನು ಜೀವಂತ ಮನೆಗೆ ಕರೆತರುವುದೂ ಒಂದು ವಿದ್ಯೆಯೆಂದು ಒಪ್ಪುವುದಾದರೆ, ಆ ವಿದ್ಯೆಯಲ್ಲಿ ಬಾಯಿಯವರಿಗೆ ಸಮಾನರನ್ನು ನಾನು ಕಂಡಿಲ್ಲ. ಸಿಹಿ ನೆನಪುಗಳನ್ನು ಬರೆಯಿರಿ ಎಂದು ಸಂಪಾದಕರು ಹೇಳಿಕಳಿಸಿದ್ದರು. ಬರೀ ಸಿಹಿ ಬೇಕಿದ್ದರೆ ಬೇರೆಯವರನ್ನು ಕೇಳಬೇಕಿತ್ತು.

ಅವರು ನಮ್ಮ ಶಾಲೆಗೆ ಶಿಕ್ಷಕಿಯಾಗಿ, ನಮ್ಮ ಮಾತಿನಲ್ಲಿ ಬಾಯಿಯಾಗಿ, ಬಂದಾಗ ನಾನು ಅಲ್ಲಿನ ಕೊನೆಯ ತರಗತಿಯಲ್ಲಿದ್ದೆ. ಸಾವಂತವಾಡಿಯ ಕಡೆಯ, ಗದ್ದೆಗಳ ಊರಿನವರು. ಕಡಲನ್ನು ಬಸ್ಸಿನ ಕಿಟಕಿಯಿಂದ ಕಂಡದ್ದೇ ಹೆಚ್ಚು. ಬಂದ ವರ್ಷವೇ ಮಕ್ಕಳನ್ನು ಸಾಲಾಗಿ ಬಂಡೆಗಳಿಗೆ ಇಳಿಸಿದರು. ನಮ್ಮ ಕೇರಿಯ ಹರಿತ ನಾಲಗೆ ಎಂದರೆ ಕಾಶೀ ವಹಿನಿ, ನನ್ನ ದೊಡ್ಡಣ್ಣನ ಹೆಂಡತಿ. ಆಕೆ ದಾರಿಯಲ್ಲೇ ಅಡ್ಡ ನಿಂತಳು.

"ಬತ್ತ ಕೊಯ್ಯೋ ಊರಿನವರು ನಮ್ಮ ಮಕ್ಕಳಿಗೆ ಸಮುದ್ರ ತೋರಿಸ್ತಾರಂತೆ! ನಾಳೆ ನಮಗೇ ಮೀನು ತಿನ್ನೋದು ಕಲಿಸ್ತೀರೇನೋ?"

"ಕಲಿಸ್ತೀನಿ ವಹಿನಿ. ಮೊದಲು ನೀವು ಒಂದಿನ ಊಟಕ್ಕೆ ಕರೀರಿ," ಎಂದರು ಬಾಯಿಯವರು, ನಡಿಗೆ ನಿಲ್ಲಿಸದೆ.

ಅಂದು ಕಲಿಸಿದ್ದನ್ನೇ ಅವರು ನಿವೃತ್ತಿಯವರೆಗೂ ಕಲಿಸಿದರು. ನೀರು ಪೂರ್ತಿ ಇಳಿಯುವ ಮೊದಲೇ ಇಳಿಯಬೇಕು, ನೀರು ತಿರುಗಿತೆಂದರೆ ದಂಡೆಯತ್ತ ಹೊರಡಬೇಕು. ಪಾಚಿ ಬೆಳೆದ ಬಂಡೆಗೆ ಬರಿಗಾಲು ಸಲ್ಲದು. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಕೂಡದು. ಚಿತ್ತಾರದ ಚೂಪು ಶಂಖ ಎಷ್ಟೇ ಚಂದವಿರಲಿ, ಒಳಗೆ ಹುಳ ಇದ್ದರೆ ಎತ್ತಕೂಡದು. ಅದು ವಿಷದ ಮುಳ್ಳನ್ನು ಚುಚ್ಚುತ್ತದೆ. ಮುಟ್ಟುವುದಿದ್ದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು. ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಕವುಚಿ ಇಡಬೇಕು, ಏಕೆಂದರೆ ಅದರಡಿಯಲ್ಲಿ ಸಂಸಾರ ಮಾಡುವವರಿಗೆ ಅದೇ ತಲೆಯ ಮೇಲಿನ ಮಾಡು.

ಆ ವರ್ಷವೇ ಒಂದು ದಿನ ನಾನು ಚಪ್ಪಲಿ ಬಿಚ್ಚಿ ಓಡಿದ್ದೆ. ಕಲ್ಲಿನಂತೆಯೇ ಕೂತಿದ್ದ ವಿಷದ ಮೀನನ್ನು ತುಳಿದೆ. ಬಾಯಿಯವರು ನನ್ನನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದರು. ಅಪ್ಪ ಕೂಡಲೇ ಬ್ಲೇಡು ತಂದು ಪಾದ ಕೊಯ್ದು ರಕ್ತ ಹರಿಸಲು ಕೂತರು. ಬಾಯಿಯವರು ಅವರ ಕೈಯಿಂದ ಬ್ಲೇಡು ಕಿತ್ತು ಹಿತ್ತಲಿಗೆ ಎಸೆದರು. ನನ್ನ ಕಾಲನ್ನು ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಇಳಿಸಿದರು, ಬಿಸಿ ಎಷ್ಟಿದೆಯೆಂದು ಪ್ರತಿ ಸಲವೂ ತಮ್ಮ ಕೈ ಅದ್ದಿ ನೋಡಿಕೊಂಡರು, ಆಮೇಲೆ ರಸ್ತೆಯ ನಡುವೆ ನಿಂತು ಎಸ್‌ಟಿ ಬಸ್ಸನ್ನು ತಡೆದು ಆಸ್ಪತ್ರೆಗೆ ಕರೆದೊಯ್ದರು. ಆ ಕಾಲಿನ ಮೇಲೆಯೇ ನಾನು ಇಂದಿಗೂ ಬಂಡೆಗೆ ನಡೆದುಹೋಗುತ್ತೇನೆ.

ಇನ್ನು ಮುಂದಿನದನ್ನು ಬರೆಯಲೇಬೇಕು.

ಕಾಲ್ವ ಒಡೆಯುವವಳ ತಲೆ ತಗ್ಗಿರುತ್ತದೆ, ಸುತ್ತಿಗೆಯ ಸದ್ದಿನಲ್ಲಿ ಕಡಲಿನ ಸದ್ದು ಮುಚ್ಚಿಹೋಗುತ್ತದೆ. ಅದಕ್ಕೆಂದೇ ನಮ್ಮ ಅಜ್ಜಿಯರ ಕಾಲದಿಂದ ಒಂದು ಕಟ್ಟಳೆಯಿತ್ತು. ಇಳಿದವರಲ್ಲಿ ಒಬ್ಬಳು ಚಿಪ್ಪು ಮುಟ್ಟದೆ, ಎತ್ತರದ ಬಂಡೆಯ ಮೇಲೆ ಕಡಲಿಗೆ ಮುಖ ಮಾಡಿ ಕೂರಬೇಕು. ದೊಡ್ಡ ಅಲೆ ಕಂಡರೆ ಕೂಗಬೇಕು. ಹೊರಡುವಾಗ ಪ್ರತಿಯೊಬ್ಬಳೂ ತನ್ನ ಬುಟ್ಟಿಯಿಂದ ಅವಳಿಗೆ ಒಂದು ಹಿಡಿ ಕೊಡಬೇಕು. ಕಟ್ಟಳೆ ಒಳ್ಳೆಯದೇ. ಆದರೆ ಆ ಹಿಡಿಗಳೆಲ್ಲ ಸೇರಿದರೂ ಒಂದು ಬುಟ್ಟಿಯ ತಳ ಮುಚ್ಚುತ್ತಿರಲಿಲ್ಲ; ಕೈಯಲ್ಲಿ ಬಲವಿದ್ದವರು ಯಾರೂ ಕಾವಲಿಗೆ ಒಪ್ಪುತ್ತಿರಲಿಲ್ಲ. ಹಾಗಾಗಿ ಬರಬರುತ್ತ ಅದು ಬಗ್ಗಲಾರದ ಮುದುಕಿಯರಿಗೆ ಊರು ಕೊಡುವ ಅನ್ನವಾಯಿತು. ನನ್ನ ಕಾಲಕ್ಕೆ ಆ ಬಂಡೆಯ ಮೇಲೆ ಕೂರುತ್ತಿದ್ದವಳು ಭಾಗೀ ಆಜಿ. ಗಂಡ ಇಲ್ಲ, ಮಕ್ಕಳಿಲ್ಲ. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದು ಬೆಳ್ಳಗಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಊರಿಗೆ ಊರೇ ಪುಣ್ಯ ಕಟ್ಟಿಕೊಳ್ಳಲೆಂದು ಕಣ್ಣು ಕಾಣದವಳನ್ನು ಕಡಲು ನೋಡಲು ಕೂರಿಸಿತ್ತು.

ನಾನು ಶಾಲೆ ಬಿಟ್ಟು ಬುಟ್ಟಿ ಹಿಡಿದು ಕೆಲವು ವರ್ಷಗಳಾಗಿದ್ದವು. ಅದು ಚೈತ್ರ ಮಾಸ. ಆಕಾಶದಲ್ಲಿ ಮೋಡದ ಚೂರಿಲ್ಲ, ಗಾಳಿಯಿಲ್ಲ, ಕಡಲು ತಟ್ಟೆಯಂತೆ ಮಲಗಿತ್ತು. ಅಂಥ ದಿನವೇ ಎಲ್ಲೋ ದೂರದಲ್ಲಿ ಎದ್ದ ಅಲೆ ಸದ್ದಿಲ್ಲದೆ ನಮ್ಮ ದಂಡೆಗೆ ಬಂದು ತಲೆಯೆತ್ತುವುದುಂಟು. ನಾನು, ನನ್ನ ತಂಗಿ ವಚ್ಛಿ, ಕಾಶೀ ವಹಿನಿ ಮತ್ತು ಇನ್ನೂ ಕೆಲವರು ಹೊರಗಿನ ಬಂಡೆಯಲ್ಲಿದ್ದೆವು. ಒಳಗಡೆಯ ಗುಂಡಿಗಳ ಹತ್ತಿರ ಬಾಯಿಯವರು ಮಕ್ಕಳಿಗೆ ಸನ್ಯಾಸಿ ಏಡಿ ಚಿಪ್ಪು ಬದಲಿಸುವುದನ್ನು ತೋರಿಸುತ್ತಿದ್ದರು. ಆಜಿ ಕೂಗಿದಳು, ಆದರೆ ಅಲೆಯ ಸದ್ದು ಕಿವಿಗೆ ಬಿದ್ದ ಮೇಲೆ ಕೂಗಿದಳು. ನಾವು ತಲೆಯೆತ್ತುವಷ್ಟರಲ್ಲಿ ವಚ್ಛಿ ನಿಂತಿದ್ದ ಕಡೆ ಬರೀ ನೊರೆಯಿತ್ತು. ಬಂಡೆಗಳ ನಡುವಿನ ಕಾಲುವೆಯಲ್ಲಿ ಅವಳ ಹಳದಿ ಸೀರೆ ಒಮ್ಮೆ ಮೇಲೆ ಬಂತು.

"ಕೂತ್ಕೊಳ್ಳಿ! ಬಂಡೆ ಹಿಡಿದು ಕೂತ್ಕೊಳ್ಳಿ! ಯಾರೂ ಓಡಬೇಡಿ!" ಎಂದು ಬಾಯಿಯವರು ಚೀರಿದರು. ಮಕ್ಕಳು ಕಲಿತಂತೆ ಕೂತವು. ನಾನು ಕೂರಲಿಲ್ಲ. ಕಾಲುವೆಗೆ ಹಾರಲು ಓಡಿದವಳನ್ನು ಅವರು ಅಡ್ಡಬಂದು ತುರುಬು ಹಿಡಿದು ಕೆಡವಿದರು, ಬೆನ್ನ ಮೇಲೆ ಮೊಣಕಾಲೂರಿ ಕೂತರು. ಎರಡನೆಯ ಅಲೆ ನಮ್ಮಿಬ್ಬರ ಮೇಲೆ ಹಾದುಹೋಯಿತು. ಮೂರನೆಯದೂ ಹೋಯಿತು. ಆಮೇಲೆ ಕಾಲುವೆಯಲ್ಲಿ ಏನೂ ಕಾಣಲಿಲ್ಲ. ನಾನು ಅವರ ಕೈ ಕಚ್ಚಿ ರಕ್ತ ಬರಿಸಿದ್ದೆ, ಅವರು ಬಿಡಲಿಲ್ಲ.

ವಚ್ಛಿಯ ದೇಹ ಮರುದಿನ ದೋಣಿಯವರಿಗೆ ಸಿಕ್ಕಿತು. ಮನೆಯ ಮುಂದೆ ಊರೆಲ್ಲ ನೆರೆದಿದ್ದಾಗ ನಾನು ಬಾಯಿಯವರ ಎದುರು ನಿಂತು ಕೇಳಿದೆ: "ನಿಮ್ಮ ತಂಗಿ ಆಗಿದ್ರೆ ಸುಮ್ನೆ ನೋಡ್ತಾ ಇರ್ತಿದ್ರಾ?"

"ಇರ್ತಿರಲಿಲ್ಲ ಶೇವಂತಿ," ಎಂದರು. "ನಾನೂ ಹಾರ್ತಿದ್ದೆ, ಸಾಯ್ತಿದ್ದೆ. ಆಗ ನನ್ನ ತುರುಬು ಹಿಡಿಯೋಕೆ ಯಾರಾದ್ರೂ ಬೇಕಾಗ್ತಿತ್ತು."

ಹದಿಮೂರನೆಯ ದಿನ ಕಳೆದ ಮೇಲೆ, ಹೆಂಗಸರೆಲ್ಲ ಮೀನು ಒಣಗಿಸುವ ಅಂಗಳದಲ್ಲಿದ್ದಾಗ ಅವರು ಬಂದರು. ಸತ್ತವರ ಮನೆಯವರ ಮುಂದೆ ಯಾರೂ ಆಡದ ಮಾತನ್ನು ನಿಂತಲ್ಲೇ ಆಡಿದರು: ಕಾವಲು ಕಣ್ಣಿದ್ದವರ ಕೆಲಸ, ಅವತ್ತು ಬಂಡೆಯ ಮೇಲೆ ಕಾವಲೇ ಇರಲಿಲ್ಲ.

ಕಾಶೀ ವಹಿನಿ ಸಿಡಿದೆದ್ದಳು. "ಹಾಗಾದ್ರೆ ಆಜಿ ಏನು ತಿನ್ಬೇಕು? ನಿಮ್ಮ ಪುಸ್ತಕಾನಾ? ನಿಮಗೇನು, ತಿಂಗಳಾದ್ರೆ ಸರ್ಕಾರ ಹಾಕುತ್ತೆ!"

"ಮುದುಕಿ ಅಂತ ಹಿಡಿ ಕೊಡಿ, ಹಸಿದಿದ್ದಾಳೆ ಅಂತ ಕೊಡಿ. ಅದಕ್ಕೆ ಬದಲಾಗಿ ಅವಳ ಕೈಗೆ ನಿಮ್ಮ ಜೀವ ಯಾಕೆ ಕೊಡ್ತೀರಿ?"

ಭಾಗೀ ಆಜಿ ಮೂಲೆಯಲ್ಲಿ ಬಲೆಯ ರಾಶಿಗೆ ಒರಗಿ ಕೂತಿದ್ದಳು. ಯಾರ ಕಡೆಗೂ ತಿರುಗದೆ ಮಾತಾಡಿದಳು. "ಕಾಣಲ್ಲ ಅಂದ್ರೆ ಹಿಡಿ ನಿಂತುಹೋಗುತ್ತೆ ಅಂತ ನಾನು ಸುಮ್ನಿದ್ದೆ. ಅದು ನನ್ನ ಹೊಟ್ಟೆ. ನಿಮಗೆಲ್ಲ ಗೊತ್ತಿತ್ತಲ್ಲ, ನೀವ್ಯಾಕೆ ಸುಮ್ನಿದ್ರೇ ಮುಂಡೇವಾ?"

ಆಜಿ ಆಮೇಲೆ ಯಾರ ಬುಟ್ಟಿಯ ಹಿಡಿಯನ್ನೂ ಮುಟ್ಟಲಿಲ್ಲ. ಮಳೆ ಹಿಡಿಯುವ ಮೊದಲೇ ಸತ್ತಳು. ಹಸಿವಿನಿಂದ ಸತ್ತಳೆಂದು ನಾನು ಹೇಳುತ್ತೇನೆ, ವಯಸ್ಸಾಗಿತ್ತು ಎಂದು ಊರು ಹೇಳುತ್ತದೆ.

ಮಳೆಗಾಲ ಕಳೆದು ಬಂಡೆಗಳು ಮತ್ತೆ ತೆರೆದಾಗ ಕಟ್ಟಳೆ ಬದಲಾಗಿತ್ತು. ದೃಷ್ಟಿ ಚೂಪಾಗಿರುವವಳೇ ಕಾವಲಿಗೆ. ಅವಳಿಗೆ ಅಂದಿನ ಅತಿ ದೊಡ್ಡ ಬುಟ್ಟಿಯಷ್ಟು ಪಾಲು. ಮುದುಕಿಯರ ಹಿಡಿ ಬೇರೆ, ಅದಕ್ಕೆ ಯಾವ ಕೆಲಸದ ಹಂಗೂ ಇಲ್ಲ. ಇದನ್ನು ಒಪ್ಪಿಸಲು ಬಾಯಿಯವರು ಮನೆಮನೆಗೆ ಅಲೆದರು, ಬೈಸಿಕೊಂಡರು. ರಜೆಯ ದಿನಗಳಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡು ತಾವೇ ಆ ಬಂಡೆ ಹತ್ತಿ ನಿಂತರು, ತಮ್ಮ ಪಾಲನ್ನು ಮುದುಕಿಯರ ಬುಟ್ಟಿಗೆ ಸುರಿದರು. ಮಕ್ಕಳನ್ನು ಬಂಡೆಗೆ ಇಳಿಸಕೂಡದೆಂದು ಮೇಲಧಿಕಾರಿಯೊಬ್ಬರು ಗದರಿದಾಗ, "ಸಾಹೇಬರೇ, ಇವರ ತಾಯಂದಿರ ಅನ್ನ ಅಲ್ಲಿದೆ. ನಾನು ಕರ್ಕೊಂಡು ಹೋಗದಿದ್ರೆ ಇವರು ಒಬ್ಬೊಬ್ಬರೇ ಹೋಗ್ತಾರೆ," ಎಂದರು. ನಾನು ಅವರೊಡನೆ ಮಾತು ಬಿಟ್ಟಿದ್ದವಳು, ನನ್ನ ಮಗಳು ಪ್ರಾಜಕ್ತಾ ಶಾಲೆಗೆ ಸೇರಿದ ವರ್ಷ ಅವಳ ಕೈಯನ್ನು ಅವರ ಕೈಯಲ್ಲಿಟ್ಟು ಬಂದೆ.

ಕಟ್ಟಳೆ ಬದಲಾದಂದಿನಿಂದ ಸೀಟಿ ಕೇಳಿ ಕೂತವರಲ್ಲಿ ಯಾರೂ ಹೋಗಿಲ್ಲ. ಕೇಳದವರು ಹೋಗಿದ್ದಾರೆ. ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆದುಕೊಳ್ಳುತ್ತಿದ್ದ ಪೇಟೆಯ ಹುಡುಗರಿಬ್ಬರನ್ನು ನಾವೇ ದಡಕ್ಕೆ ಎಳೆದಿದ್ದೇವೆ. ಅವರ ತಂದೆತಾಯಿ ಬರುವವರೆಗೆ ಬಾಯಿಯವರು ಆ ದೇಹಗಳ ಪಕ್ಕದಲ್ಲಿ ಮರಳಿನ ಮೇಲೆ ಕೂತಿದ್ದರು.

ಈ ವರ್ಷದ ಫಾಲ್ಗುಣದಲ್ಲಿ ಅವರು ನಿವೃತ್ತಿಗೆ ಮುನ್ನ ಕೊನೆಯ ಬಾರಿ ಶಾಲೆಯ ಮಕ್ಕಳನ್ನು ಇಳಿಸಿದರು. ಮಕ್ಕಳ ಜೊತೆಗೆ ಕಿರಿಯ ಶಿಕ್ಷಕಿಯನ್ನು ಬಿಟ್ಟು, ತಾವು ಸೀಟಿ ಕಟ್ಟಿಕೊಂಡು ಎತ್ತರದ ಬಂಡೆ ಹತ್ತಿದರು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಡುತ್ತಿದ್ದರು, ಎದುರು ಬಂದವರನ್ನು ದನಿಯಿಂದ ಗುರುತಿಸುತ್ತಿದ್ದರು. ನಾನು ಕೆಳಗೆ ಚಿಪ್ಪು ಒಡೆಯುತ್ತಿದ್ದವಳು ಸುಮ್ಮನೆ ತಲೆಯೆತ್ತಿದೆ. ಹೊರಗಡೆ ನೀರು ಗೋಡೆಯಂತೆ ಏಳುತ್ತಿತ್ತು. ಬಾಯಿಯವರು ನೇರ ಅದರ ಕಡೆಗೇ ನೋಡುತ್ತಿದ್ದರು. ಸೀಟಿ ತುಟಿಗೆ ಹೋಗಲಿಲ್ಲ.

ನಾನು ಗಂಟಲು ಹರಿಯುವಂತೆ ಕೂಗಿದೆ. ಮಕ್ಕಳು ಬಂಡೆ ತಬ್ಬಿ ಕೂತವು. ನೀರು ಅವರ ಎದೆಯವರೆಗೆ ಬಂದು ಹಿಂದೆ ಸರಿಯಿತು. ಎಲ್ಲರೂ ಇದ್ದರು. ಮಕ್ಕಳನ್ನೆಲ್ಲ ಒಣ ಬಂಡೆಗೆ ಹತ್ತಿಸಿದ ಮೇಲೆ ನಾನು ಬಾಯಿಯವರ ಬಳಿ ಹೋದೆ; ಈಗ ನನ್ನ ಜೊತೆಗೇ ಕಾಲ್ವ ಒಡೆಯುವ ಪ್ರಾಜಕ್ತಾ ಹಿಂದೆಯೇ ಹತ್ತಿ ಬಂದಳು.

"ಬಾಯೀ, ಕೆಳಗಿಳೀರಿ. ನಿಮಗೆ ಕಾಣ್ತಿಲ್ಲ."

"ಯಾವಾಗಿಂದ ಗೊತ್ತು ನಿನಗೆ?"

"ದೀಪಾವಳಿಯಿಂದ."

"ಇವರಿಗೆ?"

"ಎಲ್ಲರಿಗೂ ಗೊತ್ತು. ನಿಮಗೆ ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ."

ಅವರ ಮುಖ ಕೆಂಪಾಯಿತು. ಅಷ್ಟು ಸಿಟ್ಟಿನಲ್ಲಿ ನಾನು ಅವರನ್ನು ಎಂದೂ ನೋಡಿರಲಿಲ್ಲ. "ನನ್ನ ಮೇಲಿನ ಪ್ರೀತೀನ ಈ ಮಕ್ಕಳ ತಲೆ ಮೇಲೆ ಇಟ್ರಲ್ಲೇ!" ಎಂದರು. ಆಮೇಲೆ ದನಿ ತಗ್ಗಿಸಿ, "ನನಗೂ ಗೊತ್ತಿತ್ತು ಶೇವಂತಿ. ಇದೊಂದು ಇಳಿತ, ಇದೊಂದು ಇಳಿತ ಅಂತ ತಳ್ಳಿದೆ," ಎಂದರು. ಸೀಟಿಯ ದಾರ ಬಿಚ್ಚಿ, ತಡಕಿ, ಪ್ರಾಜಕ್ತಾಳ ಕೊರಳನ್ನು ಹುಡುಕಿ ಕಟ್ಟಿದರು.

ಇದನ್ನು ಅಭಿನಂದನ ಸಂಪುಟದಲ್ಲಿ ಬರೆಯಬಾರದೆಂದು ಹೇಳಿದವರಿದ್ದಾರೆ. ನಾನು ಬಾಯಿಯವರನ್ನೇ ಕೇಳಿದೆ. "ಬರಿ. ಅದೊಂದು ಬಿಟ್ಟು ಬರೆದ್ರೆ ಆ ಪುಸ್ತಕ ನನ್ನ ಮನೆಗೆ ತರಬೇಡ," ಎಂದರು.

ಹೋದ ದೃಷ್ಟಿ ಮರಳುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ದೇವರಲ್ಲಿ ಅದನ್ನು ಬೇಡುವುದಿಲ್ಲ. ಅವರಿಗೆ ದೀರ್ಘ ಆಯುಸ್ಸನ್ನು ಬೇಡುತ್ತೇನೆ, ನಡೆದಾಡುವ ಕಾಲನ್ನು ಬೇಡುತ್ತೇನೆ, ಇನ್ನೂ ನೂರಾರು ಮಕ್ಕಳಿಗೆ ಕಲ್ಲನ್ನು ಇದ್ದಂತೆ ಕವುಚಿ ಇಡಲು ಕಲಿಸುವ ಕೆಲಸವನ್ನು ಬೇಡುತ್ತೇನೆ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಮಕ್ಕಳ ಜೊತೆ ಅವರೂ ಬರುತ್ತಾರೆ, ಒಂದು ಮಗುವಿನ ಭುಜ ಹಿಡಿದುಕೊಂಡು. ಸೀಟಿ ಊದಿದರೆ ಎಲ್ಲರಂತೆ ಅವರೂ ಕೂರಬೇಕು. ಅವರು ಕೂರುವುದು ತಡವಾದರೆ ದಾಕ್ಷಿಣ್ಯ ಮಾಡಬೇಡ, ಹೆಸರು ಹಿಡಿದೇ ಕೂಗು ಎಂದು ನನ್ನ ಮಗಳಿಗೆ ಹೇಳಿದ್ದೇನೆ.