ವಠಾರದ ಕುರಿಯಜ್ಜಿಗೆ ಬಂದ ಬುತ್ತಿ

ಮೊನ್ನೆ ಸೊಸೆ ಹೂಕುಂಡಗಳಿಗೆಂದು ಕುರಿಗೊಬ್ಬರದ ಚೀಲ ತರಿಸಿದಳು. ಚೀಲದ ಬಾಯಿ ಬಿಚ್ಚಿದ್ದೇ ತಡ, ಆ ಘಾಟು ನನ್ನನ್ನು ಎಪ್ಪತ್ತರ ದಶಕದ ಚಿತ್ರದುರ್ಗಕ್ಕೆ, ನಮ್ಮ ವಠಾರದ ಮಣ್ಣಿನ ಅಂಗಳಕ್ಕೆ ಕರೆದೊಯ್ದಿತು. ಸೊಸೆ ಮೂಗು ಮುಚ್ಚಿಕೊಂಡಳು. ನನಗೆ ಕಣ್ಣು ತುಂಬಿತು...

ನಮ್ಮ ಯಜಮಾನರು ಬಾಡಿಗೆ ಮನೆಗಳ ವಿಷಯಕ್ಕೆ ತಲೆಹಾಕುತ್ತಿರಲಿಲ್ಲ. ಓನರಮ್ಮ ಎಂಬ ಪಟ್ಟ ನನಗೇ; ನಲ್ಲಿಯ ಜಗಳ, ಒಲೆಹೊಗೆಯ ಜಗಳ ಎಲ್ಲವೂ ನನ್ನ ತಲೆಗೇ. ಮೂಲೆಮನೆಗೆ ಒಬ್ಬ ಬಸ್ ಕಂಡಕ್ಟರ್ ಬಾಡಿಗೆಗೆ ಬಂದ. ಜೊತೆಗೆ ಅವನ ತಾಯಿ, ತಾಯಿಯ ಜೊತೆಗೊಂದು ಕುರಿ. ಹೊಸದುರ್ಗದ ಕಡೆ ಮಂದೆಯನ್ನೆಲ್ಲ ಮಾರಿದ್ದ ಆ ಅಜ್ಜಿ ಅದೊಂದನ್ನು ಮಾತ್ರ ಬಿಟ್ಟಿರಲಾರದೆ ತಂದಿದ್ದಳು.

ಕುರಿ ಸಾಧುವೇ. ಆದರೆ ಅಂಗಳದ ತುಂಬ ಹಿಕ್ಕೆ. ಅಜ್ಜಿ ಗುಡಿಸುತ್ತಿದ್ದಳು, ಗುಡಿಸಿದ್ದನ್ನು ಮಾತ್ರ ಎಸೆಯುತ್ತಿರಲಿಲ್ಲ. ಪ್ರತಿ ಮನೆಯ ಬಾಗಿಲ ಪಕ್ಕದ ಗಿಡಕ್ಕೂ ಧಾರಾಳವಾಗಿ ಸುರಿಯುತ್ತಿದ್ದಳು. ಮಳೆ ಬಿದ್ದು ಅದು ನಾರತೊಡಗಿದಾಗ ಎದುರುಮನೆಯ ಬಾಡಿಗೆಯ ಮೇಷ್ಟರ ಹೆಂಡತಿ ನನ್ನ ಬಾಗಿಲಿಗೇ ಬಂದಳು.

“ನೋಡ್ರಿ ಓನರಮ್ಮ, ಆ ಕುರಿ ಇರ್ಬೇಕು, ಇಲ್ಲ ನಾವಿರ್ಬೇಕು. ರಂಗೋಲಿ ಹಾಕೋ ಜಾಗದಾಗೆ ಹಿಕ್ಕೆ ಐತೆ.”

ಉಳಿದ ಮನೆಯವರದೂ ಅದೇ ಹಟ. ಕುರಿಯನ್ನು ಕಳಿಸಿಬಿಡಿ ಎಂದು ಹೇಳಲು ಹೋದೆ. ಅಜ್ಜಿಗೆ ಕೋಪ ಬರಲಿಲ್ಲ. ಅರ್ಥವಾಗದೆ ನನ್ನ ಮುಖ ನೋಡಿದಳು.

“ಅಲ್ಲ ಕಣವ್ವ, ನಮ್ ಮಂದೆ ಹೊಲದಾಗೆ ಒಂದ್ ರಾತ್ರಿ ನಿಂತ್ರೆ ಸಾಕು ಅಂತ ರೈತ್ರು ಬುತ್ತಿ ಕಟ್ಕಂಡ್ ಬಂದು ಕರೀತಿದ್ರು. ಇವ್ರಿಗೆ ಸುಮ್ನೆ ಕೊಟ್ರೂ ಬ್ಯಾಡ್ವಾ?”

ಹೇಳಲು ಹೋದದ್ದನ್ನು ಹೇಳದೆ ಹಿಂದಿರುಗಿದೆ. ಕುರಿ ಹೋದರೆ ಅವ್ವ ಊಟ ಬಿಡುತ್ತಾಳೆಂದು ಮಗ ಮೊದಲೇ ಹೇಳಿದ್ದ.

ಮದಕರಿಪುರದಿಂದ ಸೊಪ್ಪು ಮಾರಲು ಬರುತ್ತಿದ್ದ ರೈತನಿಗೆ ವಿಷಯ ತಿಳಿಸಿದೆ. ಗೊಬ್ಬರ ಯಾರಿಗೆ ಬೇಡ? ಕುರಿಯನ್ನು ಹಿತ್ತಲಲ್ಲಿ ಕಟ್ಟುವುದು, ಹಿಕ್ಕೆಯನ್ನು ಚೀಲಕ್ಕೆ ತುಂಬುವುದು, ವಾರಕ್ಕೊಮ್ಮೆ ಅವನು ಒಯ್ಯುವುದು ಎಂದಾಯಿತು. ಮೇಷ್ಟರ ಹೆಂಡತಿಯೂ ಗೊಣಗುತ್ತ ಒಪ್ಪಿದಳು. ಮೊದಲ ಸಲ ಅವನು ಚೀಲ ಎತ್ತುತ್ತಿದ್ದಂತೆ ಅಜ್ಜಿ ತಡೆದಳು.

“ಬುತ್ತಿ ಎಲ್ಲೈತಪ್ಪ?”

ಒಂದು ಕುರಿಗೂ ಬುತ್ತಿಯೇ ಎಂದು ನನಗೆ ನಗು ಬಂತು. ಅವನು ನಗಲಿಲ್ಲ. ಮುಂದಿನ ವಾರ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ. ಅಜ್ಜಿ ಅಂಗಳದ ನಡುವೆ ಕಾಲು ಚಾಚಿ ಕೂತು ಎಲ್ಲರೆದುರು ಉಂಡಳು. ಪೇಟೆಗೆ ಬಂದ ಮೇಲೆ ಅವಳು ಹಾಗೆ ತಲೆಯೆತ್ತಿ ಕೂತದ್ದು ಅದೇ ಮೊದಲು. ನೋಡಿ ನನಗೇ ಹೊಟ್ಟೆ ತುಂಬಿದಂತಾಯಿತು.

ಕೆಲವು ವರ್ಷ ಹೀಗೇ ನಡೆಯಿತು... ಆಮೇಲೊಂದು ಚಳಿಗಾಲ ಅಜ್ಜಿ ಜ್ವರ ಬಂದು ತೀರಿಕೊಂಡಳು. ಮಗ ಕುರಿಯನ್ನು ಆ ರೈತನಿಗೇ ಕೊಟ್ಟ. ಹಗ್ಗ ಹಿಡಿದು ಹೊರಡುವ ಮೊದಲು ಅವನು, ಅಂದೂ ತಂದಿದ್ದ ಬುತ್ತಿಯನ್ನು ಅವಳ ಹೊಸ್ತಿಲ ಮೇಲಿಟ್ಟು ಕೈಮುಗಿದ. ಮೇಷ್ಟರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಅಂಗಳಕ್ಕೆಲ್ಲ ಸಿಮೆಂಟು. ಪ್ರಾಣಿ ಸಾಕಬಾರದೆಂದು ನನ್ನ ಮಗ ಬಾಡಿಗೆಯವರಿಗೆ ಮೊದಲೇ ಹೇಳಿಬಿಡುತ್ತಾನೆ. ಹೋದ ವಾರ ಮನೆ ಕೇಳಲು ಬಂದ ಹೆಂಗಸು, “ನಮ್ಮತ್ರ ಒಂದ್ ನಾಯಿ ಐತೆ, ನಡಿತದಾ ಅಜ್ಜಿ?” ಎಂದಳು. ಮಗ ಮನೆಯಲ್ಲಿರಲಿಲ್ಲ. ಕರಕೊಂಡು ಬಾ ತಾಯಿ ಎಂದೆ. ಅಷ್ಟು ಹೇಳಿ, ಕುರಿಯಜ್ಜಿ ಈಗಿಲ್ಲವೆಂದು ಗೊತ್ತಿದ್ದೂ ಮೂಲೆಮನೆಯ ಹೊಸ್ತಿಲ ಕಡೆ ತಿರುಗಿ ನೋಡಿದೆ.