ನೇತಾಡುತ್ತಿದ್ದ ಒಂದು ತುದಿ

ಹುಣಸೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದಾಗ ಅಲ್ಲಿನ ನೆಟ್‌ವರ್ಕ್ ಕ್ಯಾಬಿನೆಟ್ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿತ್ತು. ಗಾಜಿನ ಬಾಗಿಲಿನ ಕಬ್ಬಿಣದ ಬೀರು, ಹೆಚ್ಚು ಕಡಿಮೆ ನನ್ನ ಎತ್ತರ. ಅದರ ನಡುವೆ ಕೋರ್ ಸ್ವಿಚ್. ಲ್ಯಾಬು, ಗ್ರಂಥಾಲಯ, ಕಚೇರಿ, ಎಲ್ಲ ಕಡೆಯ ಕೇಬಲ್ಲುಗಳೂ ಕೊನೆಗೆ ಬಂದು ಸೇರುವುದು ಆ ಒಂದು ಪೆಟ್ಟಿಗೆಗೆ. ಯಾವುದು ಎಲ್ಲಿಂದ ಬಂದಿದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಒಂದೊಂದನ್ನೇ ಹಿಡಿದು ಹೋಗಿ, ಹೆಸರಿನ ಚೀಟಿ ಅಂಟಿಸಿ, ಸಿಕ್ಕು ಬಿಡಿಸತೊಡಗಿದೆ.

ಆ ಕೋಣೆಗೆ ನನ್ನನ್ನು ಬಿಟ್ಟರೆ ಬರುತ್ತಿದ್ದವರು ಕಸ ಗುಡಿಸುವ ಅಕ್ಕ ಒಬ್ಬರೇ. ಪಿರಿಯಾಪಟ್ಟಣದ ರಸ್ತೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅವರದು ಗುತ್ತಿಗೆಯ ಕೆಲಸ. ಮುಂದಿನ ವರ್ಷಕ್ಕೆ ಮುಂದುವರಿಸುವ ಕಾಗದ ಪ್ರಿನ್ಸಿಪಾಲರ ಸಹಿಗೆ ಕಾಯುತ್ತಿತ್ತು. ಆ ಬೀರುವಿಗೆ ನಾನಲ್ಲದೆ ಬೇರೆ ಯಾರಾದರೂ ಕೈ ಹಾಕಿದರೆ ಮಾರನೆಯ ದಿನದಿಂದ ಬರುವುದು ಬೇಡ ಎಂದು ಪ್ರಿನ್ಸಿಪಾಲರು ಎಲ್ಲರೆದುರು ಹೇಳಿದ್ದರು.

ಒಂದು ಬೆಳಿಗ್ಗೆ ಇಡೀ ಕಾಲೇಜಿನ ನೆಟ್‌ವರ್ಕ್ ನಿಂತಿತ್ತು. ಕ್ಯಾಬಿನೆಟ್ ತೆರೆದರೆ ಸ್ವಿಚ್ಚಿನ ದೀಪಗಳೆಲ್ಲ ಒಂದೇ ಲಯದಲ್ಲಿ, ಬಿಡುವಿಲ್ಲದೆ ಮಿನುಗುತ್ತಿದ್ದವು. ಸಾಮಾನ್ಯವಾಗಿ ಒಂದೊಂದು ದೀಪ ಒಂದೊಂದು ರೀತಿ ಮಿನುಗುತ್ತದೆ. ಹೆದರಿಕೆಗಿಂತ ಮೊದಲು ನನಗೆ ಕುತೂಹಲವಾಯಿತು. ಸ್ವಿಚ್ಚನ್ನು ಒಮ್ಮೆ ಆರಿಸಿ ಪುನಃ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅದೇ.

ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಬಂದಾಗ ಒಂದು ಹಳದಿ ಕೇಬಲ್ ಸಿಕ್ಕಿತು. ಅದರ ಎರಡು ತುದಿಗಳೂ ಅದೇ ಸ್ವಿಚ್ಚಿಗೇ ಸೇರಿದ್ದವು. ಒಂದು ತೂತಿನಿಂದ ಹೊರಟ ಮಾಹಿತಿ ಇನ್ನೊಂದರಿಂದ ಒಳಗೆ ಬಂದು, ಮತ್ತೆ ಹೊರಟು, ಸುತ್ತುತ್ತಲೇ ಇತ್ತು; ಬೇರೆ ಯಾವುದಕ್ಕೂ ದಾರಿ ಉಳಿದಿರಲಿಲ್ಲ. ಒಂದು ತುದಿ ಕಿತ್ತೆ, ದೀಪಗಳು ಮತ್ತೆ ತಂತಮ್ಮ ರೀತಿ ಮಿನುಗತೊಡಗಿದವು. ಹಿಂದಿನ ಸಂಜೆ ಬಸ್ಸಿನ ಅವಸರದಲ್ಲಿ ಆ ಕೇಬಲ್ಲಿನ ಒಂದು ತುದಿಯನ್ನು ನೇತಾಡಲು ಬಿಟ್ಟು, ಬೀರುವಿನ ಬಾಗಿಲಿಗೆ ಬೀಗ ಹಾಕದೆ ಹೋದವಳು ನಾನೇ.

ಆ ಕೇಬಲ್ಲನ್ನು ಪಕ್ಕದ ಕಂಬಿಗೆ ಬಿಳಿ ಹುರಿಯಿಂದ ಕಟ್ಟಲಾಗಿತ್ತು. ನಾನು ಬಳಸುತ್ತಿದ್ದದ್ದು ಪ್ಲಾಸ್ಟಿಕ್ ಪಟ್ಟಿ. ಹುರಿಯ ತುದಿಯನ್ನು ಮೆಲ್ಲಗೆ ಎಳೆದೆ. ಗಂಟು ಪೂರ್ತಿ ಬಿಚ್ಚಿಕೊಂಡಿತು.

ಕೋಣೆಯ ಬಾಗಿಲಲ್ಲಿ ಪೊರಕೆ ಹಿಡಿದು ಅಕ್ಕ ನಿಂತಿದ್ದರು.

"ಅಕ್ಕ, ಇದು ನೀವು ಕಟ್ಟಿದ್ದಾ?"

"ನಾನೇ ಕಣವ್ವ. ಅದರ ತುದಿ ನೇತಾಡ್ತಿತ್ತು. ಒಳಗೆ ಬೇರೆ ಅಷ್ಟು ಬಿಸಿ. ಅಂಗೇ ಬುಟ್ಟು ಹೋಗಕ್ಕೆ ಮನಸೇ ಬರ್ನಿಲ್ಲ. ಪಕ್ಕದಲ್ಲೇ ತೂತು ಖಾಲಿ ಇತ್ತು, ಸಿಗಿಸ್ದೆ."

"ಬಿಸಿ ಇದ್ದರೆ ಏನಾಗತ್ತೆ?"

"ಅಯ್ಯೋ, ಒಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಕಂಡಿಲ್ವಾ ನೀವು? ಕೋಲಿಗೆ ಕಟ್ಟಿದ ಸೊಪ್ಪಲ್ಲಿ ಒಂದು ಎಲೆ ಸಡ್ಲಾಗಿ ಕಾದ ಪೈಪಿನ ಮೇಲೆ ಬಿತ್ತು ಅನ್ನಿ, ಬ್ಯಾರನ್ನೇ ಉರ್ದೋಯ್ತದೆ. ಚಿಕ್ಕೋಳಿದ್ದಾಗಿಂದ ಸೊಪ್ಪು ಕಟ್ಟಿದೀನಿ. ನೇತಾಡೋದು ಕಂಡ್ರೆ ಕೈ ಸುಮ್ಕಿರಕ್ಕಿಲ್ಲ." ಆಮೇಲೆ ದನಿ ತಗ್ಗಿಸಿದರು. "ನನ್ನಿಂದ್ಲೇ ನಿಂತೋಯ್ತಾ?"

ನಾನು ಉತ್ತರಿಸುವಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಯಾರಾದ್ರೂ ಕೈ ಹಾಕಿದ್ರೇನ್ರಿ?"

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದರು. "ನಾನೇ ಸಾ."

ನನಗೆ ಹೆಚ್ಚು ಮಾತು ಬರುವುದಿಲ್ಲ. ಆಗಿದ್ದನ್ನು ಆದ ಕ್ರಮದಲ್ಲಿ ಹೇಳಿದೆ: ತುದಿ ಬಿಟ್ಟವಳು ನಾನು, ಬೀಗ ಹಾಕದವಳು ನಾನು, ಇಂಥ ಸುತ್ತನ್ನು ಸ್ವಿಚ್ಚೇ ಗುರುತಿಸಿ ತಡೆಯುವ ಸೆಟ್ಟಿಂಗನ್ನು ಹಾಕದೆ ಉಳಿಸಿದವಳೂ ನಾನು, ಅಕ್ಕ ಮಾಡಿದ್ದು ಸಿಗಿಸಿದ್ದಷ್ಟೇ. ಆಮೇಲೆ, ಯೋಚಿಸಿರದ ಒಂದು ಮಾತೂ ಬಂತು.

"ಈ ಕೇಬಲ್ಲುಗಳನ್ನು ಕಟ್ಟೋಕೆ ನನಗೆ ಇವರು ಬೇಕು ಸರ್."

"ಓಹೋ. ಇಂಜಿನಿಯರಿಂಗ್ ಓದಿದೋರಿಗೆ ಇವರು ಪಾಠ ಮಾಡ್ತಾರಾ?"

"ಕಟ್ಟೋದನ್ನ ನಮಗೆ ಕಾಲೇಜಲ್ಲಿ ಹೇಳಿಕೊಡಲಿಲ್ಲ ಸರ್."

ಬಿಚ್ಚಿಕೊಂಡಿದ್ದ ಹುರಿಯನ್ನು ಪ್ರಿನ್ಸಿಪಾಲರು ನೋಡಿದರು. "ಮಧ್ಯಾಹ್ನದೊಳಗೆ ಮುಗಿಸಿ. ಬಂದು ನೋಡಿ ಇವರ ಕಾಗದಕ್ಕೆ ಸಹಿ ಹಾಕ್ತೀನಿ. ಬೀಗದ ಕೀಲಿ ಮಾತ್ರ ನಿಮ್ಮ ಹತ್ರಾನೇ ಇರಲಿ."

ಅಕ್ಕ ಚೀಲದಿಂದ ಹುರಿಯ ಉಂಡೆ ತೆಗೆದರು. ಮೂರು ನಾಲ್ಕು ಕೇಬಲ್ಲುಗಳ ಕಟ್ಟನ್ನು ಕಂಬಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಟ್ಟು, ಹುರಿಯನ್ನು ಒಂದರ ಕುಣಿಕೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರು. ನನ್ನ ಕಣ್ಣಿಗೆ ಮೂರನೆಯ ಸಲಕ್ಕೆ ಆ ವರಸೆ ತಿಳಿಯಿತು. ಕೈಗೆ ಇನ್ನೂ ಹತ್ತಿಲ್ಲ. ಹೊಸ ಕೇಬಲ್ ಸೇರಿಸಬೇಕಾದರೆ ಕತ್ತರಿ ಬೇಡ, ಒಂದು ಎಳೆತ ಸಾಕು. ಪ್ರತಿ ಕೇಬಲ್ಲಿಗೂ ಅವರು ಕೇಳುತ್ತಿದ್ದರು: "ಇದು ಯಾವ ಮನೇದು?" ನಾನು ಚೀಟಿ ಓದಿ ಹೇಳುತ್ತಿದ್ದೆ: ಗ್ರಂಥಾಲಯ, ಕಚೇರಿ, ಎರಡನೇ ಲ್ಯಾಬು.

ಕೊನೆಗೆ ಆ ಹಳದಿ ಕೇಬಲ್ ಉಳಿಯಿತು.

"ಇದ್ಕೆ ಮನೆ ಇಲ್ವಾ?"

"ಇಲ್ಲ ಅಕ್ಕ. ಬೇಕಾದೀತು ಅಂತ ಇಟ್ಟಿದ್ದೆ."

"ಮನೆ ಇಲ್ದಿದ್ದು ಇಲ್ಯಾಕವ್ವ ಇರ್ಬೇಕು?"

ಅದನ್ನು ಸುರುಳಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಬೀಗ ಹಾಕಿದೆ. ಅಕ್ಕ ಒಮ್ಮೆ ಬಾಗಿಲನ್ನು ಎಳೆದು ನೋಡಿ, ಪ್ರಿನ್ಸಿಪಾಲರನ್ನು ಕರೆಯಲು ಹೋದರು.